ಎರೆಹೊಲದ ಮೇಲೆ ಮಂಗೋಲಿಯಾದ ರೆಕ್ಕೆ

ಜನವರಿಯಲ್ಲಿ ನಸುಕು ಹರಿಯುವ ಮೊದಲೇ ಬೋನಾಳ ಕೆರೆಯ ಏರಿ ಹತ್ತಿ ನಿಲ್ಲಬೇಕು. ಮೊದಲು ಬರುವುದು ಹಕ್ಕಿಯಲ್ಲ, ಅದರ ಸದ್ದು. ಹೊಲಗಳ ಕಡೆಯಿಂದ ಮೂಗುದನಿಯ ಕರೆ, ಅದಕ್ಕೆ ಇನ್ನೊಂದು ಉತ್ತರ, ಆಮೇಲೆ ಹತ್ತಾರು ಗಂಟಲು ಒಟ್ಟಿಗೆ. ಬೂದು ಬೆಳಕಿನಲ್ಲಿ ಒಂದು ಗೆರೆ ಕಾಣುತ್ತದೆ, ಗೆರೆ ಬಾಗಿ ಬಾಣವಾಗುತ್ತದೆ, ಬಾಣ ಒಡೆದು ನೀರಿಗೆ ಇಳಿಯುತ್ತದೆ. ಬಂದವು! ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟಿ, ಹಳದಿ ಕೊಕ್ಕು, ಕಿತ್ತಳೆ ಕಾಲು. ಪಟ್ಟೆತಲೆ ಹೆಬ್ಬಾತುಗಳು ರಾತ್ರಿಯಿಡೀ ಹೊಲದಲ್ಲಿ ಮೇದು, ಹಗಲು ಕಳೆಯಲು ಕೆರೆಗೆ ಮರಳಿವೆ.

ಇವುಗಳ ತವರು ಯಾವುದು ಗೊತ್ತೆ? ಮಂಗೋಲಿಯಾ, ಟಿಬೆಟ್, ಚೀನಾದ ಎತ್ತರದ ಸರೋವರಗಳು. ನಡುವೆ ಅಡ್ಡ ಮಲಗಿರುವುದು ಹಿಮಾಲಯ! ವಿಜ್ಞಾನಿಗಳು ಈ ಹಕ್ಕಿಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದಾಗ 7,290 ಮೀಟರ್ ಎತ್ತರದ ಹಾರಾಟ ದಾಖಲಾಯಿತು. ನಾವು ನೀವು ಅಲ್ಲಿ ನಿಂತರೆ ನಾಲ್ಕು ಹೆಜ್ಜೆಗೆ ಏದುಸಿರು. ಇವು ಅಲ್ಲಿ ರೆಕ್ಕೆ ಬಡಿಯುತ್ತವೆ! ಬಯಲು ನಾಡಿನ ಬಾತುಗಳಿಗಿಂತ ದೊಡ್ಡ ಶ್ವಾಸಕೋಶ, ಆಳವಾದ ಉಸಿರು. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಒಂದು ಅಮೈನೋ ಆಮ್ಲ ಬದಲಾಗಿರುವುದರಿಂದ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಾಚಿಕೊಳ್ಳುವ ಶಕ್ತಿ. ಹಾಗೆಂದು ಎತ್ತರಕ್ಕೇರಿ ಸುಮ್ಮನೆ ತೇಲುವುದೂ ಇಲ್ಲ. ಬೆಟ್ಟ ಏರಿದರೆ ಏರುತ್ತವೆ, ಕಣಿವೆ ಇಳಿದರೆ ಇಳಿಯುತ್ತವೆ, ದಟ್ಟ ಗಾಳಿಗೆ ಅಂಟಿಕೊಂಡೇ ದಾಟುತ್ತವೆ. ಕೊರಳಿಗೆ ಮಂಗೋಲಿಯಾದ ಸಂಶೋಧಕರು ತೊಡಿಸಿದ ಸಂಖ್ಯೆಯ ಪಟ್ಟಿ ಹೊತ್ತ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಅಂಥ ಯಾತ್ರಿಕ ಹಕ್ಕಿ ಸುರಪುರ ತಾಲ್ಲೂಕಿನ ಒಂದು ಕೆರೆಯಲ್ಲಿ, ನಮ್ಮ ಕಣ್ಣೆದುರೇ, ಕತ್ತು ಹೊರಳಿಸಿ ರೆಕ್ಕೆಯೊಳಗಿಟ್ಟು ನಿದ್ದೆ ಹೋಗಿದೆ!

ಬೋನಾಳ ಇರುವುದು ಯಾದಗಿರಿ ಜಿಲ್ಲೆಯ ಸುರಪುರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ. ರಂಗನತಿಟ್ಟಿನ ನಂತರ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮ ಎಂದು ಇದನ್ನು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ರಂಗನತಿಟ್ಟಿಗೆ ಕಾವೇರಿ ಇದೆ, ದೋಣಿ ಇದೆ, ಪ್ರವಾಸಿಗರ ಸಾಲು ಇದೆ. ಬೋನಾಳಕ್ಕೆ ಇರುವುದು ಏರಿ, ಜಾಲಿಮರ, ಬಯಲು ಮತ್ತು ಮೌನ. ಕೆರೆಯನ್ನು ಕಟ್ಟಿಸಿದವರು ಸುರಪುರದ ನಾಯಕರು. ಪಾಮನಾಯಕನ ಹೆಸರು ಇದರ ಜೊತೆ ಕೂಡಿಕೊಂಡಿದೆ. ಬೇಡರ ದೊರೆತನ ಇದು! ಬೇಟೆಯನ್ನೇ ಕುಲಕಸುಬಾಗಿಸಿಕೊಂಡಿದ್ದವರ ನಾಡು. 1705ರಲ್ಲಿ ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಇಲ್ಲೇ ಪಕ್ಕದ ವಾಗಣಗೇರಿ ಕೋಟೆಯ ಮೇಲೆ. ಆ ಬೇಡ ನಾಯಕರು ಕಟ್ಟಿಸಿದ ನೀರೇ ಇವತ್ತು ಹಕ್ಕಿಗಳ ಅಭಯದಾಣ. ಚರಿತ್ರೆ ಹೀಗೂ ತಿರುಗುತ್ತದಲ್ಲ!

ಮುಂದೆ 1841ರಲ್ಲಿ ಸುರಪುರಕ್ಕೆ ಬಂದವನು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಸಂಸ್ಥಾನದ ಆಡಳಿತ ನೋಡಿಕೊಂಡ. ಕಾದಂಬರಿಕಾರ, ಚಿತ್ರಕಾರ, ಪ್ರಾಚೀನ ಕಲ್ಲುಗಳ ಹುಚ್ಚ. ಬೋನಾಳ ಕೆರೆಯ ಜೀರ್ಣೋದ್ಧಾರವನ್ನೂ ಮಾಡಿಸಿದವನು ಅವನೇ ಎಂದು ಸುರಪುರ ನೆನೆಯುತ್ತದೆ. ಗುಡ್ಡದ ಮೇಲಿನ ಅವನ ಬಂಗಲೆ ಟೇಲರ್ ಮಂಜಿಲ್ ಈಗಲೂ ಊರಿನ ಗುರುತು.

ಹೆಬ್ಬಾತಿನಿಂದ ಕಣ್ಣು ಕಿತ್ತು ದಡ ನೋಡಿದರೆ ಇನ್ನೊಂದು ಲೋಕ. ತಾವರೆ ಎಲೆಗಳ ಮೇಲೆ ಉದ್ದುದ್ದ ಬೆರಳೂರಿ ದೇವನಕ್ಕಿ ನಡೆಯುತ್ತಿದೆ, ನೀರಿನ ಮೇಲೇ ನಡೆದಂತೆ. ಅದರ ಸಂಸಾರವೇ ತಿರುವುಮುರುವು: ಹೆಣ್ಣು ಮೊಟ್ಟೆಯಿಟ್ಟು ಮುಂದಿನ ಗಂಡನ್ನು ಹುಡುಕಿ ಹೋಗುತ್ತದೆ, ಕಾವು ಕೂತು ಮರಿ ಸಾಕುವುದು ಗಂಡು! ಜೊಂಡಿನಲ್ಲಿ ನೇರಳೆ ಜಂಬುಕೋಳಿ, ಅದರ ಹಿಂದೆ ಕಲ್ಲಾಗಿ ನಿಂತ ಕೆನ್ನೀಲಿ ಬಕ. ಕೆಸರಿನಲ್ಲಿ ಕೊಕ್ಕೂರಿ ಕೆದಕುವ ಬಿಳಿ ಕೆಂಬರಲು, ಒಣ ಹೊಲದಲ್ಲಿ ಓಡಾಡುವ ಕರಿ ಕೆಂಬರಲು. ಬಣ್ಣದ ಕೊಕ್ಕರೆ ಕಣ್ಣಿನಿಂದ ಮೀನು ಹುಡುಕುವುದಿಲ್ಲ. ಕಲಕಿದ ನೀರಿನಲ್ಲಿ ಕೊಕ್ಕು ಅರೆತೆರೆದು ಆಡಿಸುತ್ತದೆ, ಮೀನು ತಾಗಿತೋ, ಟಪ್! ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ನಡುವೆ ಒಂದು ಬಿರುಕು, ಬಸವನಹುಳುವನ್ನು ಹಿಡಿದು ಬಿಡಿಸಲೆಂದೇ ಮಾಡಿಟ್ಟ ಇಕ್ಕಳ.

ಈ ಬಾಯ್ಕಳಕವೇ ಇಡೀ ಸೀಮೆಯ ಕಥೆ ಹೇಳುತ್ತದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಬಸವಸಾಗರ ಕಟ್ಟಿದ ಮೇಲೆ ಕಾಲುವೆಗಳು ಸುರಪುರ, ಶಹಾಪುರದ ಜೋಳದ ಹೊಲಗಳಿಗೆ ಹರಿದವು. ಬರದ ಸೀಮೆಯಲ್ಲಿ ಭತ್ತದ ಗದ್ದೆ! ಗದ್ದೆಯಲ್ಲಿ ನೀರು, ನೀರಲ್ಲಿ ಬಸವನಹುಳು, ಹುಳುವಿನ ಹಿಂದೆ ಕೊಕ್ಕರೆ. ಇಲ್ಲಿನ ನೀರುಹಕ್ಕಿಗಳ ಸಿರಿಯಲ್ಲಿ ಬಹುಪಾಲು ಮನುಷ್ಯ ಗುದ್ದಲಿ ಹಿಡಿದು ಕರೆತಂದದ್ದು. ಮೊದಲು ನಾಯಕರ ಕೆರೆ, ಆಮೇಲೆ ನಮ್ಮ ಕಾಲದ ಕಾಲುವೆ.

ಹಾಗಾದರೆ ನೀರಿಲ್ಲದ ನೆಲದಲ್ಲಿ ಏನೂ ಇಲ್ಲವೆ? ಶಹಾಪುರಕ್ಕೆ ಬನ್ನಿ! ಊರಿನ ಪಕ್ಕದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಾಗಿ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಗೊತ್ತಾಗುವಷ್ಟು ಸ್ಪಷ್ಟ. ಇಂಥ ಗ್ರಾನೈಟ್ ಕಲ್ಲಿನ ಬೆಟ್ಟಗಳ ಬಿರುಕುಗಳು ಕೊಂಬಿನ ಗೂಬೆಗೆ ಹೇಳಿ ಮಾಡಿಸಿದ ಮನೆ. ಹಗಲು ಬಂಡೆಯ ಬಣ್ಣದಲ್ಲಿ ಬಂಡೆಯಾಗಿ ಕೂತಿರುತ್ತದೆ. ಹೊತ್ತು ಮುಳುಗುತ್ತಲೇ ಎರಡು ಕಿತ್ತಳೆ ಕಣ್ಣು ತೆರೆಯುತ್ತವೆ, ಕಣಿವೆ ತುಂಬ ಗಂಭೀರವಾದೊಂದು ಹೂಂಕಾರ. ರೆಕ್ಕೆಯಂಚಿನ ಗರಿಗಳಲ್ಲಿ ಬಾಚಣಿಗೆಯಂಥ ಹಲ್ಲುಗಳಿರುವುದರಿಂದ ಹಾರುವಾಗ ಸದ್ದೇ ಇಲ್ಲ. ಇಲಿ ಹೆಗ್ಗಣಗಳೇ ಅದರ ಊಟ. ಅಪಶಕುನವೆಂದು ಕಲ್ಲು ಬೀರುವ ರೈತನ ಬೆಳೆಯನ್ನೇ ಅದು ರಾತ್ರಿಯಿಡೀ ಕಾಯುತ್ತದೆ.

ಶಹಾಪುರದ ಹತ್ತಿರವೇ ವಿಭೂತಿಹಳ್ಳಿ. ಬೃಹತ್ ಶಿಲಾಯುಗದ ಜನ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಚೌಕಾಕಾರದಲ್ಲಿ ಇಟ್ಟುಹೋದ ಬಯಲು. ಟೇಲರ್ ಇವುಗಳನ್ನು ಅಳೆದು, ಬರೆದು ಜಗತ್ತಿಗೆ ತೋರಿಸಿದ. ಇಂದಿಗೂ ಸಂಶೋಧಕರು ಈ ಸಾಲುಗಳಿಗೂ ಸೂರ್ಯನ ಚಲನೆಗೂ ನಂಟು ಹುಡುಕುತ್ತಾರೆ. ಇಂಥ ಮಡ್ಡಿ ನೆಲದಲ್ಲಿ ನಿಂತರೆ ಟಿಟ್ಟಿಭದ ಗದರಿಕೆ, ಗೌಜಗದ ಕೂಗು, ನೆಲಗುಬ್ಬಿಯ ಹಾಡು. ದಖ್ಖನಿನ ಒಣ ಬಯಲಿನ ಸ್ಯಾಂಡ್‌ಗ್ರೌಸ್ ಎಂಬ ಹಕ್ಕಿಯ ಸಾಹಸ ಕೇಳಿ: ಗಂಡು ಮೈಲುಗಟ್ಟಲೆ ಹಾರಿ ಹೋಗಿ ನೀರಿಗಿಳಿದು, ಹೊಟ್ಟೆಯ ಗರಿಗಳನ್ನು ತೊಯ್ಸಿಕೊಂಡು ಮರಳುತ್ತದೆ. ಕಾದ ನೆಲದಲ್ಲಿ ಕೂತ ಮರಿಗಳು ಅಪ್ಪನ ಹೊಟ್ಟೆಗೆ ಬಾಯಿ ಹಚ್ಚಿ ನೀರು ಕುಡಿಯುತ್ತವೆ!

ಇನ್ನು ಎರೆಹೊಲ. ಹಿಂಗಾರಿ ಬಿಳಿಜೋಳ ತೆನೆ ಕಟ್ಟುವ ಹೊತ್ತಿಗೆ ಆಕಾಶದಲ್ಲೊಂದು ಕರಿಮೋಡ ಹೊರಳುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ, ಥಟ್ಟನೆ ಹೊಲಕ್ಕೆ ಸುರಿಯುತ್ತದೆ. ಗುಲಾಬಿ ಮೈನಾಗಳು! ಮಧ್ಯ ಏಷ್ಯಾದಿಂದ ಬಂದ ಇವುಗಳಿಗೆ ಜೋಳದ ಹಾಲುಗಾಳು ಎಂದರೆ ಪ್ರಾಣ. ರೈತ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಾನೆ, ಡಬ್ಬಿ ಬಡಿಯುತ್ತಾನೆ, ಹೋ ಎಂದು ಕೂಗುತ್ತಾನೆ. ಇದೇ ಹಕ್ಕಿ ಚೀನಾದ ಷಿನ್‌ಜಿಯಾಂಗ್ ಹುಲ್ಲುಗಾವಲಿನಲ್ಲಿ ಮಿಡತೆ ತಿನ್ನುತ್ತದೆಂದು ಅಲ್ಲಿನವರು ಅದಕ್ಕೆ ಕಲ್ಲಿನ ಗೂಡು ಕಟ್ಟಿಕೊಟ್ಟು ಸ್ವಾಗತಿಸುತ್ತಾರೆ. ಅಲ್ಲಿ ಬಂಧು, ಇಲ್ಲಿ ಕಳ್ಳ, ಹಕ್ಕಿ ಒಂದೇ! ಅದೇ ಹೊಲಗಳ ಮೇಲೆ ತೀರ ತಗ್ಗಿನಲ್ಲಿ ತೇಲುತ್ತಾ ಬರುವ ಬಿಳಿ ಸೆಳೆವ ಎಂಬ ಬೇಟೆಹಕ್ಕಿಯೂ ಮಧ್ಯ ಏಷ್ಯಾದ್ದೇ. ಹಗಲು ಮಿಡತೆ, ಇಲಿ ಹಿಡಿದು, ರಾತ್ರಿ ಮರವೇರದೆ ಹುಲ್ಲಿನ ನೆಲದಲ್ಲೇ ಗುಂಪಾಗಿ ಮಲಗುತ್ತದೆ.

ಯಾದಗಿರಿಯಲ್ಲಿ ಕೋಟೆಯ ಬೆಟ್ಟ, ಪಕ್ಕದಲ್ಲಿ ಭೀಮೆ. ನದಿ ಸೊರಗಿದಾಗ ಮೇಲೇಳುವ ಮರಳು ದಿಬ್ಬಗಳು ನದಿ ರೀವ ಎಂಬ ಹಕ್ಕಿಗೆ ಬೇಕು. ಗೂಡಿಲ್ಲ, ಕಡ್ಡಿಯಿಲ್ಲ, ಬರೀ ಮರಳ ಮೇಲೆ ಮೊಟ್ಟೆ. ಕಲ್ಲು ಕಾಯುವ ಬ್ಯಾಸಗಿಯಲ್ಲಿ ತಾಯಿ ನದಿಗೆ ಹಾರಿ ಹೊಟ್ಟೆ ತೊಯ್ಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಮರಳಿನ ಲಾರಿ ಒಂದು ಸಲ ಹಾದುಹೋದರೆ ಆ ವರ್ಷದ ಸಂಸಾರ ಮುಗಿಯಿತು. ಹತ್ತಿಕುಣಿ ಜಲಾಶಯದ ಹಿನ್ನೀರು ಕಡಿಮೆಯಾಗುತ್ತ ಹೋದ ಹಾಗೆ ಕೆಸರುದಡ ಹಿಗ್ಗುತ್ತದೆ, ದೂರದೇಶದ ಗದ್ದೆಗೊರವಗಳಿಗೆ ಊಟದ ಎಲೆ ಹಾಸಿದಂತೆಯೇ.

ಇದನ್ನೆಲ್ಲ ನೋಡುವವರು ಯಾರು? ಬೈನಾಕ್ಯುಲರ್ ಕೊರಳಿಗೆ ಬೀಳುವ ಮೊದಲೂ ಇಲ್ಲಿ ಹಕ್ಕಿ ನೋಡುವವರು ಇದ್ದರು. ಹಾಲಕ್ಕಿಯ ನುಡಿ ಕೇಳಿ ನಸುಕಿನಲ್ಲಿ ಮನೆಮನೆಯ ಮುಂದೆ ಭವಿಷ್ಯ ಹೇಳುವ ಬುಡಬುಡಿಕೆಯವರು. ನೀರುಕಾಗೆ ಮುಳುಗುವ ಜಾಗ ನೋಡಿ ಬಲೆ ಬೀಸುವ ಮೀನುಗಾರರು. ಟಿಟ್ಟಿಭ ಎಲ್ಲಿ ಮೊಟ್ಟೆ ಇಟ್ಟಿದೆ ಎಂಬುದರ ಮೇಲೆ ಮಳೆಯ ಲೆಕ್ಕ ಹಾಕುವ ಹಿರಿಯರು. ಈಗ ಅವರ ಸಾಲಿಗೆ ಶಾಲೆಯ ಮೇಷ್ಟ್ರು, ಕಾಲೇಜು ಹುಡುಗರು, ಭಾನುವಾರ ಕ್ಯಾಮೆರಾ ಹೆಗಲಿಗೇರಿಸಿ ಬೈಕ್ ಹತ್ತುವ ನೌಕರರು ಸೇರಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಕನ್ನಡದಲ್ಲೇ ಹಕ್ಕಿಗಳ ಹೆಸರು, ಗುಣ, ಗೂಡು ಎಲ್ಲ ಕಲಿಸಿತು. ಮೊಬೈಲಿನ ಮರ್ಲಿನ್ ಆ್ಯಪ್ ಕೂಗನ್ನು ಕೇಳಿಯೇ ಹಕ್ಕಿಯನ್ನು ಗುರುತಿಸುತ್ತದೆ. ಮೀನುಗಾರನ ಅನುಭವ, ಮೇಷ್ಟ್ರ ಪುಸ್ತಕ, ಹುಡುಗನ ಫೋನು ಒಂದೇ ಏರಿಯ ಮೇಲೆ ಕೂಡಿದರೆ ಅದಕ್ಕಿಂತ ಒಳ್ಳೆಯ ಪಕ್ಷಿಶಾಲೆ ಇನ್ನೆಲ್ಲಿ?

ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1930ರ ದಶಕದ ಆರಂಭದಲ್ಲಿ, ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅಲ್ಲಿಂದೀಚೆಗೆ ನೆಲ ಎಷ್ಟು ಬದಲಾಯಿತು! ಅಣೆಕಟ್ಟು ಬಂತು, ಕಾಲುವೆ ಬಂತು, ಜೋಳದ ಜಾಗಕ್ಕೆ ಭತ್ತ, ಹತ್ತಿ ಬಂದವು, ಯಾದಗಿರಿಯೇ ಪ್ರತ್ಯೇಕ ಜಿಲ್ಲೆಯಾಯಿತು. ಯಾವ ಹಕ್ಕಿ ಹೆಚ್ಚಿತು, ಯಾವುದು ಮಾಯವಾಯಿತು ಎಂದು ಹೇಳಲು ಬೇಕಾದದ್ದು ವರ್ಷವರ್ಷದ ಪಟ್ಟಿ. ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತುಗಳನ್ನು ಜನ ನೋಡಿದರು, ಎಣಿಸಿದರು, ಬರೆದರು. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣವಾಯಿತು. ಅದೇ ಹೆಬ್ಬಾತು ಬೋನಾಳಕ್ಕೂ ಬರುತ್ತದೆ!

ಎಣಿಸುವುದು ಕಷ್ಟದ ವಿದ್ಯೆಯೇನೂ ಅಲ್ಲ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಹದಿನೈದು ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿ, ಕೇಳಿದ ಕೂಗು ಬರೆದು ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿದರೆ ಸಾಕು. ಮೈಸೂರು, ಬೆಂಗಳೂರಿನ ಕೆರೆಗಳ ಎದುರು ರಾಶಿ ರಾಶಿ ಪಟ್ಟಿಗಳಿವೆ. ಹುಣಸಗಿ, ಕೆಂಭಾವಿ, ಗುರುಮಠಕಲ್ ಕಡೆಯ ಹಳ್ಳಿಗಳ ಕೆರೆಗಳಿಗೆ ಇನ್ನೂ ಬರೆಯುವ ಕೈಗಳು ಬೇಕು. ಅಲ್ಲಿನ ಏಳನೇ ಇಯತ್ತೆಯ ಹುಡುಗಿಯೊಬ್ಬಳು ಶಾಲೆಗೆ ಹೋಗುವ ಮೊದಲು ಕೆರೆ ದಂಡೆಗೆ ನಿಂತು ಬರೆಯುವ ಪಟ್ಟಿ, ಆ ಕೆರೆಯ ಮಟ್ಟಿಗೆ ಜಗತ್ತಿನ ಮೊದಲ ಪಟ್ಟಿಯೂ ಆಗಬಹುದು. ಇಂಥ ಅವಕಾಶ ಇನ್ನೂ ಉಳಿದಿರುವ ನಾಡಿನಲ್ಲಿ ಹುಟ್ಟಿದ್ದೇ ಆಕೆಯ ಭಾಗ್ಯ!