ಓಟದ ಬೂಟು, ಹಿಮ್ಮಡಿಯ ನೋವು: ಒಂದು ಲೆಕ್ಕಾಚಾರ

ಆದಾಯ ತೆರಿಗೆ, ಜಿ.ಎಸ್.ಟಿ. ಕುರಿತು ಬರೆಯಬೇಕಾದ ಲೆಕ್ಕಪರಿಶೋಧಕನೊಬ್ಬ ಬೂಟುಗಳ ವಿಷಯವನ್ನು ಎತ್ತಿಕೊಂಡಿರುವುದು ಸದಸ್ಯ ಬಂಧುಗಳಿಗೆ ವಿಚಿತ್ರವೆನಿಸಬಹುದು. ಆದರೆ ಕಳೆದ ಕೆಲವು ವರ್ಷಗಳಲ್ಲಿ ನನ್ನ ಕಚೇರಿಗೆ ಬರುವ ವ್ಯಾಪಾರಿ ಮಿತ್ರರು ಕಡತ ಮುಚ್ಚಿದ ಮೇಲೆ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಿದ್ದಾರೆ. ‘ಸಾಹೇಬರೇ, ಓಡಲಿಕ್ಕೆ ಯಾವ ಬೂಟು ತಗೊಳ್ಳಬೇಕು?’ ಎಂಬುದು ಮೊದಲನೆಯದು. ‘ಹಿಮ್ಮಡಿ ನೋಯುತ್ತಿದೆ, ಓಟ ನಿಲ್ಲಿಸಲೋ, ಮುಂದುವರಿಸಲೋ?’ ಎಂಬುದು ಎರಡನೆಯದು.

ಇದು ಸಹಜವೇ ಆಗಿದೆ. ಗಾದಿಯ ಮೇಲೆ ದಿನಕ್ಕೆ ಹತ್ತು ತಾಸು ಕುಳಿತುಕೊಳ್ಳುವ ವೃತ್ತಿ ನಮ್ಮದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ನಮ್ಮ ವರ್ಗದವರ ಕಾಯಂ ಗಿರಾಕಿಗಳಾಗಿವೆ. ವೈದ್ಯರ ಸಲಹೆಯಂತೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಅನೇಕ ಸದಸ್ಯರು ಮುಂಜಾನೆ ನಡೆಯುತ್ತಿದ್ದಾರೆ, ಕೆಲವರು ಓಡತೊಡಗಿದ್ದಾರೆ. ಪಟ್ಟಣದ ರಸ್ತೆಯಲ್ಲಿ ವಾಹನಗಳ ಕಾಟವಾದುದರಿಂದ ಕಾಲುವೆ ದಂಡೆ, ಹೊಲದ ದಾರಿ, ಗುಡ್ಡದ ಏರುಗಳೇ ನಮ್ಮ ಮೈದಾನಗಳಾಗಿವೆ. ಮೇಲಿನ ಎರಡೂ ಪ್ರಶ್ನೆಗಳಿಗೆ ತಪ್ಪು ಉತ್ತರ ಕಂಡುಕೊಂಡು ದಂಡ ತೆತ್ತವನು ನಾನು. ಆ ಅನುಭವ ಉಳಿದವರಿಗೆ ಉಪಯೋಗವಾಗಲೆಂಬುದು ಈ ಲೇಖನದ ಉದ್ದೇಶ.

ನನ್ನ ತಪ್ಪು ಲೆಕ್ಕ

ಐವತ್ತೆರಡನೆಯ ವಯಸ್ಸಿನಲ್ಲಿ ರಾಣೆಬೆನ್ನೂರಿನ ಹೊರಗಿನ ಗರಸು ರಸ್ತೆಯಲ್ಲಿ ಓಟ ಆರಂಭಿಸಿದೆ. ಒಂದು ವರ್ಷದಲ್ಲಿ 9 ಕಿ.ಮೀ. ಓಡುವಷ್ಟಾದೆ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವೆ ನಡೆಯುವ ‘ಮಲ್ನಾಡ್ ಅಲ್ಟ್ರಾ’ ಓಟದ 30 ಕಿ.ಮೀ. ವಿಭಾಗಕ್ಕೆ ಹೋಗೋಣವೆಂದು ಗೆಳೆಯರು ಹುರಿದುಂಬಿಸಿದರು. ಆ ವರ್ಷ ಟ್ಯಾಕ್ಸ್ ಆಡಿಟ್ ಗಡುವಿನ ಒತ್ತಡದಲ್ಲಿ ಮೂರು ವಾರ ಅಭ್ಯಾಸ ತಪ್ಪಿತು. ಬಾಕಿ ತೀರಿಸುವವನಂತೆ ಒಂದು ಭಾನುವಾರ ಒಮ್ಮೆಲೇ 18 ಕಿ.ಮೀ. ಓಡಿದೆ. ಕಾಲಿನಲ್ಲಿದ್ದುದು ದೊಡ್ಡ ನಗರದ ಅಂಗಡಿಯೊಂದರಲ್ಲಿ ಹಿಂದಿನ ವಾರವಷ್ಟೇ ಕೊಂಡ ಬೂಟು. ಅಲ್ಲಿ ನನ್ನನ್ನು ಯಂತ್ರವೊಂದರ ಮೇಲೆ ನಿಲ್ಲಿಸಿ, ‘ನಿಮ್ಮದು ಚಪ್ಪಟೆ ಪಾದ’ ಎಂದು ಹೇಳಿ, ಎಲ್ಲಕ್ಕಿಂತ ದುಬಾರಿ ಜೋಡಿಯನ್ನು ಕೈಗಿತ್ತಿದ್ದರು. ಅಳತೆ ಮಾತ್ರ ನನ್ನ ಕಚೇರಿ ಬೂಟಿನದೇ.

ಮರುದಿನ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟಾಗ ಮೊಳೆ ತುಳಿದಂತಾಯಿತು. ಮೂರು ವಾರ ನೋವಿನ ಮಾತ್ರೆ ನುಂಗಿ ಓಡಿದೆ, ನೋವು ಹೆಚ್ಚಿತು. ಹೆದರಿ ಎರಡು ತಿಂಗಳು ಓಟವನ್ನು ಸಂಪೂರ್ಣ ನಿಲ್ಲಿಸಿದೆ; ನೋವು ಇಳಿಯಿತು, ತೂಕ ನಾಲ್ಕು ಕಿಲೋ ಏರಿತು. ಮತ್ತೆ ಓಡಿದ ಮೊದಲ ದಿನವೇ ನೋವು ಹಿಂದಿರುಗಿತು. ಕಾಫಿ ತೋಟದ ಓಟ ಆ ವರ್ಷ ತಪ್ಪಿಹೋಯಿತು.

ಮೊದಲು ನೆಲ, ಆಮೇಲೆ ಬೂಟು

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತು. ಹೆಸರಿಗೆ ಬೆಲೆ ಬಂದಿತು. ಆದರೂ ನಮ್ಮ ದಲಾಲರು ಚೀಲದ ಮೇಲಿನ ಹೆಸರು ನೋಡಿ ದರ ಬರೆಯುವುದಿಲ್ಲ. ಹಿಡಿ ಕಾಯಿ ಕೈಗೆತ್ತಿಕೊಂಡು ಬಣ್ಣ, ಸುಕ್ಕು, ತೇವ ನೋಡುತ್ತಾರೆ. ಡಬ್ಬಿಯೋ ಕಡ್ಡಿಯೋ, ಯಾವ ಬಳಕೆಗೆ ಯಾವುದು ಎಂದು ವಿಚಾರಿಸುತ್ತಾರೆ. ಬೂಟಿನ ಖರೀದಿಯಲ್ಲಿಯೂ ಇದೇ ಕ್ರಮ ಸರಿ. ನಾವು ಓಡುವ ನೆಲ ಯಾವುದೆಂಬುದೇ ಮೊದಲ ಪ್ರಶ್ನೆ.

ಗರಸು ಮತ್ತು ಮಸಾರಿ ನೆಲ: ಒಣಗಿದಾಗ ಇಲ್ಲಿ ಸಣ್ಣ ಕಲ್ಲುಗಳು ಜಾರುತ್ತವೆ. ಅಟ್ಟೆಯ ಕೆಳಗಿನ ರಬ್ಬರ್ ಹಲ್ಲುಗಳು 3ರಿಂದ 4 ಮಿ.ಮೀ. ಇದ್ದರೆ ಸಾಕು. ಇದಕ್ಕಿಂತ ಉದ್ದದ ಹಲ್ಲು ಗಟ್ಟಿ ನೆಲದಲ್ಲಿ ಬೇಗ ಸವೆಯುತ್ತದೆ.

ಎರೆ ನೆಲ: ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಅಂಟು. ಕೆಸರಿಗೆಂದೇ ಮಾಡಿದ ಬೂಟುಗಳಲ್ಲಿ ಹಲ್ಲುಗಳು 5 ಮಿ.ಮೀ. ಮೀರಿದ್ದು, ಮಣ್ಣು ಉದುರಿಹೋಗಲೆಂದು ದೂರ ದೂರ ಇರುತ್ತವೆ. ಟ್ರ್ಯಾಕ್ಟರಿನ ಹಿಂದಿನ ಗಾಲಿಯ ತತ್ವವೇ ಇದು. ಮಲೆನಾಡಿನ ಕೆಸರಿಗೆ ಇದು ಉತ್ತಮ. ಆದರೆ ನಮ್ಮ ಹಸಿ ಎರೆಮಣ್ಣು ಯಾವ ಹಲ್ಲಿಗೂ ಮಣಿಯುವುದಿಲ್ಲ. ನೂರು ಹೆಜ್ಜೆಯಲ್ಲಿ ಪ್ರತಿ ಬೂಟಿಗೂ ಮುದ್ದೆ ಮಣ್ಣು ಅಂಟಿ, ಪಾದದ ಕೀಲು ತಿರುಚುವ ಸಂಭವವಿರುತ್ತದೆ. ಮಳೆ ಬಿದ್ದ ಮರುದಿನ ಎರೆಹೊಲದ ದಾರಿ ಬಿಟ್ಟು ಗರಸು ರಸ್ತೆ ಹಿಡಿಯುವುದೇ ಜಾಣತನ.

ಮುಳ್ಳು: ನಮ್ಮ ಭಾಗದ ನಿಜವಾದ ಅಪಾಯವಿದು. ನೆಗ್ಗಿಲ ಮುಳ್ಳು ಕೆಳಗಿನ ರಬ್ಬರಿನಲ್ಲಿಯೇ ಉಳಿಯುತ್ತದೆ. ಜಾಲಿ ಮುಳ್ಳು ಮಾತ್ರ ಹಲ್ಲುಗಳ ನಡುವಿನ ತೆಳುಭಾಗದಿಂದ ಮೆತ್ತನೆಯ ಫೋಮಿನೊಳಗೆ ನುಗ್ಗಿ ಪಾದ ಮುಟ್ಟಬಲ್ಲದು. ಗುಡ್ಡದ ಓಟದ ಕೆಲವು ಬೂಟುಗಳಲ್ಲಿ ಅಟ್ಟೆಯ ನಡುವೆ ತೆಳುವಾದ ಗಟ್ಟಿ ತಗಡನ್ನು (ಬಹುತೇಕ ಪ್ಲಾಸ್ಟಿಕ್ಕಿನದು) ಕೂಡಿಸಿರುತ್ತಾರೆ. ಕಲ್ಲು, ಮುಳ್ಳು ಎರಡಕ್ಕೂ ಅದು ತಡೆ. ದೇವರಗುಡ್ಡದಂತಹ ಏರುಗಳಿಗೆ ಹೋಗುವವರು ಇದನ್ನು ಕೇಳಿ ಪಡೆಯಬೇಕು.

‘ನೀರು ಒಳಹೋಗದ ಬೂಟು’ ಎಂಬ ಜಾಹೀರಾತಿಗೆ ನಮ್ಮವರು ಮರುಳಾಗಬೇಕಾಗಿಲ್ಲ. ಹಳ್ಳ ದಾಟುವಾಗ ಮೇಲಿನಿಂದ ಹೊಕ್ಕ ನೀರು ಅದರಲ್ಲಿ ಹೊರಹೋಗದೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಪಾದ ಬೇಯುತ್ತದೆ. ಜಾಳಿಗೆ ಬಟ್ಟೆಯ ಬೂಟು ಬೇಗ ಒದ್ದೆಯಾದರೂ ಬೇಗ ಒಣಗುತ್ತದೆ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಸಂಜೆ ಹೊತ್ತು ಅಂಗಡಿಗೆ ಹೋಗಿರಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಓಡುವಾಗಿನ ಅಳತೆಗೆ ಅದೇ ಹತ್ತಿರ. ಓಟಕ್ಕೆ ಹಾಕುವ ಕಾಲುಚೀಲವನ್ನೇ ಧರಿಸಿರಿ.

2. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಸರಿದು ಉಗುರು ಕಪ್ಪಾಗುವುದು ಈ ಜಾಗವಿಲ್ಲದಿದ್ದರೆ. ನಮ್ಮಲ್ಲಿ ಬಹುಜನರು ಬಾಲ್ಯದಲ್ಲಿ ಬರಿಗಾಲಲ್ಲಿ ಬೆಳೆದು ಬೆರಳುಗಳು ಹರಡಿಕೊಂಡಿರುವುದರಿಂದ ಮುಂಭಾಗ ಅಗಲವಾಗಿರುವ ಬೂಟೇ ಹಿತ. ಹಿಮ್ಮಡಿ ಮಾತ್ರ ಅಲುಗಾಡಬಾರದು.

3. ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ ಕೇಳಿರಿ. ಇದು ಸೊನ್ನೆಯಿಂದ 12 ಮಿ.ಮೀ.ವರೆಗೆ ಇರುತ್ತದೆ. ವ್ಯತ್ಯಾಸ ಕಡಿಮೆಯಾದಷ್ಟೂ ಮೀನಖಂಡ ಮತ್ತು ಹಿಮ್ಮಡಿಯ ನರಕ್ಕೆ ಭಾರ ಹೆಚ್ಚು. ಹೆಚ್ಚಾದರೆ ಮೊಳಕಾಲಿಗೆ ಭಾರ. ಹಳೆಯ ಬೂಟಿನಿಂದ ಒಮ್ಮೆಲೇ ಬಹಳ ಬೇರೆಯಾದುದಕ್ಕೆ ಹಾರಬೇಡಿರಿ.

4. ಯಂತ್ರ ಹೇಳಿದ ಪಾದದ ಜಾತಿಗೆ ಅತಿಯಾಗಿ ಬೆಲೆ ಕೊಡಬೇಡಿರಿ. ಅಮೆರಿಕದ ಭೂಸೇನೆ, ವಾಯುಸೇನೆ ಹಾಗೂ ಮರೀನ್ ದಳಗಳ ತರಬೇತಿ ಶಿಬಿರಗಳಲ್ಲಿ ಪಾದದ ಕಮಾನು ನೋಡಿ ಬೂಟು ಹಂಚಿ ಪರೀಕ್ಷಿಸಿದರು. 2009-10ರಲ್ಲಿ ಪ್ರಕಟವಾದ ಆ ಫಲಿತಾಂಶಗಳಂತೆ, ಹಾಗೆ ಹಂಚಿದ್ದರಿಂದ ಗಾಯಗಳು ಕಡಿಮೆಯಾಗಲಿಲ್ಲ. ಹಾಕಿಕೊಂಡು ಹತ್ತು ನಿಮಿಷ ನಡೆದು, ಸಾಧ್ಯವಾದರೆ ಓಡಿ, ಹಿತವೆನಿಸಿದ್ದನ್ನು ಕೊಳ್ಳುವುದು ಸರಳ ಮತ್ತು ಸಮಂಜಸ.

5. ಬೂಟಿಗೂ ಸವಕಳಿ ಉಂಟು, ಅದು ವರ್ಷಕ್ಕಿಂತ ಕಿಲೋಮೀಟರಿನ ಮೇಲೆ. ಸಾಮಾನ್ಯವಾಗಿ 500ರಿಂದ 800 ಕಿ.ಮೀ.ಗೆ ಫೋಮಿನ ಪುಟಿತ ತಗ್ಗುತ್ತದೆ. 4,200 ರೂ.ಗಳ ಜೋಡಿ 600 ಕಿ.ಮೀ. ಬಾಳಿದರೆ ಕಿ.ಮೀ.ಗೆ 7 ರೂ.; 2,400 ರೂ.ಗಳದು 400 ಕಿ.ಮೀ. ಬಾಳಿದರೆ 6 ರೂ. ದುಬಾರಿಯಾದುದೇ ಲಾಭದಾಯಕವೆಂಬ ನಿಯಮವೇನೂ ಇಲ್ಲ.

ತೆರಿಗೆಯ ಮಾತು ಬಾರದೆ ನನ್ನ ಲೇಖನ ಮುಗಿಯದು. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂ. ಮೀರದ ಪಾದರಕ್ಷೆಗೆ ಶೇ. 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ. 18 ಜಿ.ಎಸ್.ಟಿ. ಇದೆ. ತಮ್ಮ ಓಟದ ಬೂಟಿನ ಬಿಲ್ಲನ್ನು ಅಂಗಡಿಯ ಖರ್ಚಿಗೆ ಹಾಕಿ ತೆರಿಗೆ ಜಮೆ ಕೇಳುವ ಮಿತ್ರರಿದ್ದಾರೆ. ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಮಿನಂತೆ ವೈಯಕ್ತಿಕ ಬಳಕೆಯ ವಸ್ತುವಿಗೆ ಆ ಜಮೆ ಇಲ್ಲ. ದಯವಿಟ್ಟು ಆ ಬಿಲ್ಲನ್ನು ನನ್ನ ಕಚೇರಿಗೆ ತರಬೇಡಿರಿ.

ನೋವಿನ ಲೆಕ್ಕ

ಈಗ ಎರಡನೆಯ ಪ್ರಶ್ನೆ. ನನ್ನ ಹಿಮ್ಮಡಿಗೆ ಬೂಟೊಂದೇ ಕಾರಣವಾಗಿರಲಿಲ್ಲ. 9ರಿಂದ 18ಕ್ಕೆ ಹಾರಿದ್ದೇ ಮುಖ್ಯ ಕಾರಣವೆಂದು ಈಗ ತಿಳಿದಿದ್ದೇನೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು 5,205 ಓಟಗಾರರನ್ನು ಗಮನಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಹಿಂದಿನ 30 ದಿನಗಳ ಅತಿ ಉದ್ದದ ಓಟಕ್ಕಿಂತ ಒಂದೇ ಸಲ ಶೇ. 10ಕ್ಕೂ ಹೆಚ್ಚು ಓಡಿದವರಲ್ಲಿ ಗಾಯದ ಸಂಭವ ಹೆಚ್ಚಾಯಿತು. ದುಪ್ಪಟ್ಟು ಮೀರಿ ಓಡಿದವರಲ್ಲಿ ಅದು ಎರಡು ಪಟ್ಟಿಗೂ ಮಿಕ್ಕಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತು ಓಟಕ್ಕೂ ಸಲ್ಲುತ್ತದೆ. ತಪ್ಪಿದ ವಾರಗಳ ಓಟ ಬಾಕಿ ಉಳಿಯುವುದಿಲ್ಲ. ಅದನ್ನು ವಸೂಲಿ ಮಾಡಲು ಹೋಗಬಾರದು.

ನಮ್ಮ ಜಿಲ್ಲೆಯವರೇ ಆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು. ಸುಮಾರು 240 ಮೈಲಿಗಳ ಆ ಯಾತ್ರೆ ದಿನಕ್ಕೆ ಹತ್ತು ಮೈಲಿಗಳ ಆಸುಪಾಸಿನಲ್ಲಿ ಸಾಗಿತು, ಸೋಮವಾರ ವಿಶ್ರಾಂತಿ. ಅಂತಹ ದೊಡ್ಡ ಕಾರ್ಯದಲ್ಲಿಯೂ ಬಿಡುವಿನ ದಿನಕ್ಕೆ ಸ್ಥಾನವಿತ್ತೆಂಬುದನ್ನು ನಾವು ಮರೆಯಬಾರದು.

ನೋವು ಬಂದ ಮೇಲೆ? ಪೂರ್ಣ ವಿಶ್ರಾಂತಿ, ಪೂರ್ಣ ಅಲಕ್ಷ್ಯ ಎರಡೂ ತಪ್ಪು. ಹಿಮ್ಮಡಿಯ ನರದ ನೋವಿರುವವರ ಮೇಲೆ ಸ್ವೀಡನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಗುಂಪಿಗೆ ಮಿತಿಯೊಳಗೆ ಓಡಲು, ಜಿಗಿಯಲು ಅವಕಾಶ ಕೊಟ್ಟರು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು 5ನ್ನು ಮೀರಬಾರದು, ಮರುದಿನ ಬೆಳಿಗ್ಗೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು ಎಂಬುದು ಷರತ್ತು. ಹಾಗೆ ಓಡಿದವರ ಚೇತರಿಕೆ, ಓಟ ನಿಲ್ಲಿಸಿದವರಿಗಿಂತ ಹಿಂದೆ ಬೀಳಲಿಲ್ಲ. ಎರಡೂ ಗುಂಪಿನವರು ಕಾಲಿನ ಬಲ ಹೆಚ್ಚಿಸುವ ವ್ಯಾಯಾಮ ಮಾಡುತ್ತಿದ್ದರೆಂಬುದು ಮುಖ್ಯ.

ಅಂಗಾಲಿನ ಹಿಮ್ಮಡಿ ನೋವಿಗೆ ನಾನು ಮಾಡಿದ ವ್ಯಾಯಾಮ ಡೆನ್ಮಾರ್ಕಿನ ಇನ್ನೊಂದು ಅಧ್ಯಯನದ್ದು (2014). ಮೆಟ್ಟಿಲಿನ ಅಂಚಿನಲ್ಲಿ ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಒಂದೇ ಕಾಲಿನ ಮೇಲೆ ನಿಂತು, ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಮೇಲೆತ್ತಿ, ಎರಡು ಸೆಕೆಂಡು ನಿಲ್ಲಿಸಿ, ಮೂರು ಸೆಕೆಂಡಿನಲ್ಲಿ ಇಳಿಸುವುದು. ಆರಂಭದಲ್ಲಿ ಹನ್ನೆರಡು ಬಾರಿ, ಮೂರು ಸುತ್ತು, ದಿನ ಬಿಟ್ಟು ದಿನ. ಮುಂದೆ ಬೆನ್ನುಚೀಲದಲ್ಲಿ ಪುಸ್ತಕ ತುಂಬಿ ಭಾರ ಹೆಚ್ಚಿಸುವುದು. ನಮ್ಮ ಮನೆಯಲ್ಲಿ ಹಳೆಯ ತೆರಿಗೆ ಕೈಪಿಡಿಗಳಿಗೆ ಕೊರತೆಯಿರಲಿಲ್ಲ. ಮೂರು ತಿಂಗಳ ನಂತರ ಈ ವ್ಯಾಯಾಮ ಮಾಡಿದವರು ಬರಿ ಪಾದ ಎಳೆತದ ವ್ಯಾಯಾಮ ಮಾಡಿದವರಿಗಿಂತ ಉತ್ತಮವಾಗಿದ್ದರು. ನನಗೆ ಐದು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ಓಟ ನಿಲ್ಲಿಸಲಿಲ್ಲ, 3 ಕಿ.ಮೀ.ಗೆ ಇಳಿಸಿ, ನಡುನಡುವೆ ನಡೆದು, ಪ್ರತಿದಿನ ಮುಂಜಾನೆಯ ನೋವಿನ ಅಂಕಿಯನ್ನು ಡೈರಿಯಲ್ಲಿ ಬರೆದಿಟ್ಟೆ. ಅಂಕಿ ಎರಡು ದಿನ ಏರಿದರೆ ಮೂರನೆಯ ದಿನ ಓಟಕ್ಕೆ ರಜೆ.

ಈ ನಿಯಮ ಎಲ್ಲ ನೋವಿಗೂ ಅನ್ವಯಿಸದು. ಎಲುಬಿನ ಒಂದೇ ಜಾಗದಲ್ಲಿ ಒತ್ತಿದರೆ ನೋವು, ಒಂಟಿಗಾಲಲ್ಲಿ ಕುಪ್ಪಳಿಸಿದರೆ ನೋವು, ರಾತ್ರಿ ಮಲಗಿದಾಗಲೂ ನೋವು, ಕೀಲಿನಲ್ಲಿ ಬಾವು, ಪಾದ ಜೋಮು ಹಿಡಿಯುವುದು—ಇವುಗಳಲ್ಲಿ ಯಾವುದಿದ್ದರೂ ಓಟ ನಿಲ್ಲಿಸಿ ಮೂಳೆತಜ್ಞರನ್ನು ಕಾಣಬೇಕು. ಎಲುಬಿನ ಸೀಳಿನ ಮೇಲೆ ಓಡುವುದು ಸಾಹಸವಲ್ಲ, ಮೂರ್ಖತನ.

ನೋವೇ ಇಲ್ಲದವರ ಕಥೆ

ಕೊನೆಯದಾಗಿ ಒಂದು ಪ್ರಸಂಗ. ಬೀಜದ ವ್ಯಾಪಾರದಲ್ಲಿರುವ ನನ್ನ ಕಕ್ಷಿದಾರರೊಬ್ಬರು, ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯವರು, ನಮ್ಮ ಬಳಗದಲ್ಲಿ ಎಲ್ಲರಿಗಿಂತ ಹುರುಪಿನವರು. ‘ನನಗೆ ಕಾಲುನೋವೆಂಬುದೇ ಗೊತ್ತಿಲ್ಲ ನೋಡ್ರಿ’ ಎಂದು ನನ್ನನ್ನು ಹಾಸ್ಯ ಮಾಡುತ್ತಿದ್ದರು. ಒಂದು ದಿನ ಅವರ ಬೂಟಿನ ಅಟ್ಟೆಯಿಂದ ಜಾಲಿ ಮುಳ್ಳು ಒಳಬಂದು ಬೆರಳಿನ ಬುಡಕ್ಕೆ ಚುಚ್ಚುತ್ತಿತ್ತು. ನಾಲ್ಕು ದಿನ ಅದೇ ಬೂಟು ಹಾಕಿ ಓಡಿದರು. ಕಾಲುಚೀಲದಲ್ಲಿ ಕಲೆ ಕಂಡು ಕೇಳಿದವರು ಅವರ ಮನೆಯವರು. ಅಷ್ಟರಲ್ಲಿ ಕೀವು ಎಲುಬಿಗೆ ಇಳಿದಿತ್ತು. ಒಂದು ಬೆರಳು ತೆಗೆಯಬೇಕಾಯಿತು. ಪಾದದ ಸಂವೇದನೆ ಹೋಗಿದೆಯೆಂದು ಅವರಿಗೆ ತಿಳಿದದ್ದು ಅಂದೇ.

ಅಂದಿನಿಂದ ನಮ್ಮ ಬಳಗದಲ್ಲಿ ಒಂದು ಪದ್ಧತಿ ಬಂದಿದೆ. ಓಟಕ್ಕೆ ಮುನ್ನ ಪ್ರತಿಯೊಬ್ಬರೂ ಬೂಟನ್ನು ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಯಾಡಿಸಿ ನೋಡುತ್ತೇವೆ. ಮನೆಗೆ ಬಂದ ಮೇಲೆ ಅಂಗಾಲು ನೋಡಿಕೊಳ್ಳುತ್ತೇವೆ. ಬಗ್ಗಲಾಗದವರು ಕನ್ನಡಿ ಇಟ್ಟುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯ ಸದಸ್ಯರು ವರ್ಷಕ್ಕೊಮ್ಮೆ ಪಾದದ ಸಂವೇದನೆಯ ಪರೀಕ್ಷೆ ಮಾಡಿಸಲೇಬೇಕು. ಕೆಲವೇ ನಿಮಿಷಗಳ ಕೆಲಸವದು.

ನೋವೆಂಬುದು ಆಡಿಟರ್ ಬರೆದ ಆಕ್ಷೇಪಣೆಯಂತೆ. ಅದನ್ನು ಮುಚ್ಚಿಟ್ಟವನ ವ್ಯಾಪಾರ ಉಳಿಯದು. ಅದಕ್ಕೆ ಹೆದರಿ ಅಂಗಡಿಯನ್ನೇ ಮುಚ್ಚುವುದೂ ಬೇಕಿಲ್ಲ. ಓದಿ, ಕಾರಣ ಹುಡುಕಿ, ತಿದ್ದಿಕೊಂಡು ವಹಿವಾಟು ನಡೆಸಬೇಕು. ಆಕ್ಷೇಪಣೆಯೇ ಬಾರದ ಲೆಕ್ಕಪುಸ್ತಕವನ್ನು ನಾವು ಇನ್ನೊಮ್ಮೆ ತೆರೆದು ನೋಡುತ್ತೇವಲ್ಲವೇ? ನಮ್ಮ ಬೀಜದ ವ್ಯಾಪಾರಿಗಳು ಈಗ ಓಡುವುದಿಲ್ಲ. ಒಂಬತ್ತು ಬೆರಳುಗಳಲ್ಲಿ ಪ್ರತಿದಿನ ನಾಲ್ಕು ಕಿ.ಮೀ. ನಡೆಯುತ್ತಾರೆ. ಮುಂಜಾನೆ ಎಲ್ಲರಿಗಿಂತ ಮೊದಲು ಬಂದು ನಮ್ಮ ಬೂಟುಗಳನ್ನು ತಪಾಸಣೆ ಮಾಡುವ ಹೊಣೆಯನ್ನು ಅವರೇ ವಹಿಸಿಕೊಂಡಿದ್ದಾರೆ.