ಒಂದು ವರ್ಷದ ಗುತ್ತಿಗೆ, ಹತ್ತು ವರ್ಷದ ಚಟ

ದಿನಕ್ಕೊಂದು ಕ್ವಾರ್ಟರ್. ಅಗ್ಗದ ಮಾಲು ಹಿಡಿದು 80 ರೂಪಾಯಿ ಎಂದು ಬರೆದುಕೊಳ್ಳೋಣ. ವರ್ಷಕ್ಕೆ 29,200 ರೂಪಾಯಿ. ಅದೇ ಮನೆಯ ಹೆಂಗಸಿನ ಖಾತೆಗೆ ಗೃಹಲಕ್ಷ್ಮಿಯಿಂದ ಬರುವುದು ತಿಂಗಳಿಗೆ 2,000, ವರ್ಷಕ್ಕೆ 24,000. ಅಂದರೆ ಸರ್ಕಾರ ಒಂದು ಕೈಯಿಂದ ಕೊಟ್ಟದ್ದು ಅಂಗಡಿಗೆ ಹೋಗಿ, ಮೇಲೆ ಇನ್ನೂ 5,200 ಕೈಯಿಂದ ಹಾಕಬೇಕು. ಉದ್ಯೋಗ ಖಾತ್ರಿಯಲ್ಲಿ 2025-26ರ ಕೂಲಿ ದಿನಕ್ಕೆ 370 ರೂಪಾಯಿ; ಆ ದರದಲ್ಲಿ 79 ದಿನ ಗುದ್ದಲಿ ಹಿಡಿದರೆ ವರ್ಷದ ಕ್ವಾರ್ಟರಿನ ಲೆಕ್ಕ ಚುಕ್ತಾ. ಇದರಲ್ಲಿ ಬೀಡಿ, ಗುಟ್ಕಾ, ತಪ್ಪಿದ ಕೂಲಿ, ಆಸ್ಪತ್ರೆ, ಕೈಗಡ ಯಾವುದೂ ಸೇರಿಲ್ಲ.

ಹಾವೇರಿ ಜಿಲ್ಲೆಯಲ್ಲಿ ಇಂಥ ಮನೆಗಳು ಎಷ್ಟು? ಇರುವ ಅಂಕಿಗಳಿಂದ ಒಂದು ಅಂದಾಜು ಕಟ್ಟಬಹುದು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 15,97,668. ಅದರಲ್ಲಿ ಗಂಡಸರು 8.19 ಲಕ್ಷ, ಹದಿನೈದು ದಾಟಿದವರು ಸುಮಾರು 5.8 ಲಕ್ಷ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಈ ವಯಸ್ಸಿನ ಗಂಡಸರಲ್ಲಿ ಕುಡಿಯುವವರು ಶೇ 16.5. ಜಿಲ್ಲೆಗೆ ಇದೇ ಪ್ರಮಾಣ ಹಿಡಿದರೆ 96 ಸಾವಿರ ಆಸುಪಾಸು. ಕುಡಿಯುವವರೆಲ್ಲ ರೋಗಿಗಳಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿ 2019ರಲ್ಲಿ ಹೊರಬಂದ ವರದಿ ಹೇಳುವಂತೆ, ದೇಶದಲ್ಲಿ ಮದ್ಯ ಕುಡಿಯುವವರು 16 ಕೋಟಿ, ಅದರಲ್ಲಿ ಬಿಡಲಾಗದ ಮಟ್ಟಕ್ಕೆ ಹೋದವರು 2.9 ಕೋಟಿ. ಹತ್ತಿರ ಹತ್ತಿರ ಶೇ 18. ಆ ಪಾಲನ್ನು ಇಲ್ಲಿಗೆ ತಂದರೆ ಜಿಲ್ಲೆಯಲ್ಲಿ ಚಿಕಿತ್ಸೆ ಬೇಕಾದ ಗಂಡಸರೇ 17 ಸಾವಿರ. ಹೆಂಗಸರನ್ನು ಎಣಿಸಿಲ್ಲ, 2011ರಿಂದೀಚೆಗೆ ಬೆಳೆದ ಜನಸಂಖ್ಯೆಯನ್ನೂ ಎಣಿಸಿಲ್ಲ. ಏಮ್ಸ್ ವರದಿಯ ರಾಷ್ಟ್ರೀಯ ದರವನ್ನೇ (ಹತ್ತರಿಂದ ಎಪ್ಪತ್ತೈದು ವಯಸ್ಸಿನವರಲ್ಲಿ ಶೇ 2.7) ನೇರವಾಗಿ ಹಾಕಿದರೆ ಸಂಖ್ಯೆ ಇದರ ಇಮ್ಮಡಿಯಾಗುತ್ತದೆ. ಹಾಗಾಗಿ ಜಾಸ್ತಿ ಹೇಳಿದ ಅಪವಾದ ಬೇಡ. ಸಣ್ಣ ಸಂಖ್ಯೆಯನ್ನೇ ಹಿಡಿದು ಹೋಗೋಣ.

ಈ 17 ಸಾವಿರದಲ್ಲಿ ಎಷ್ಟು ಮಂದಿ ಯಾರ ಬಳಿಯಾದರೂ ಹೋಗಿದ್ದಾರೆ? ಅದೇ ವರದಿಯಲ್ಲಿ ಅದಕ್ಕೂ ಅಂಕಿ ಇದೆ: ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬನಿಗೆ ಏನಾದರೊಂದು ಚಿಕಿತ್ಸೆ, 180 ಜನರಲ್ಲಿ ಒಬ್ಬನಿಗೆ ಒಳರೋಗಿ ಚಿಕಿತ್ಸೆ. ನಮ್ಮ ಲೆಕ್ಕಕ್ಕೆ ಇಳಿಸಿದರೆ ಜಿಲ್ಲೆಯಲ್ಲಿ 450 ಜನ ಒಮ್ಮೆಯಾದರೂ ವೈದ್ಯರನ್ನೋ ಸಮಾಲೋಚಕರನ್ನೋ ಕಂಡಿರಬಹುದು, ಹಾಸಿಗೆ ಹಿಡಿದು ಚಿಕಿತ್ಸೆ ಪಡೆದವರು ನೂರರ ಒಳಗೆ. ಉಳಿದವರ ಚಿಕಿತ್ಸೆ ಮನೆಯಲ್ಲೇ. ದೇವರ ಮುಂದೆ ಆಣೆ, ಇಲ್ಲವೇ ಸಾರಿನಲ್ಲಿ ಗುಟ್ಟಾಗಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’. ಆ ಪುಡಿಯಲ್ಲಿ ಡೈಸಲ್ಫಿರಾಂ ಇದ್ದು, ಗೊತ್ತಿಲ್ಲದೆ ಮೇಲೆ ಮದ್ಯ ಬಿದ್ದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುವ ಮಾತ್ರೆಯದು.

ಗಾಂಜಾ, ನೋವಿನ ಮಾತ್ರೆ, ಇಂಜೆಕ್ಷನ್‌ಗಳ ಸುದ್ದಿ ಪತ್ರಿಕೆಯಲ್ಲಿ ಹೆಚ್ಚು ಬರುತ್ತದೆ. ದೇಶದ ಅಂಕಿಯಲ್ಲಿ ಗಾಂಜಾ, ಭಂಗಿ ಬಳಸುವವರು 3.1 ಕೋಟಿ, ಅಫೀಮು ಜಾತಿಯವು 2.26 ಕೋಟಿ. ಕಡಿಮೆಯೇನಲ್ಲ. ಆದರೆ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಈ ಮೂರು ಊರುಗಳ ಮನೆ ಮುರಿಯುವುದು ಪರವಾನಗಿ ಇರುವ ಅಂಗಡಿಯ ಪಾಕೀಟೇ.

ಇನ್ನು ಹಣದ ಕಡೆ. ಕರ್ನಾಟಕದ ಅಬಕಾರಿ ಗುರಿ 2023-24ರಲ್ಲಿ 36,000 ಕೋಟಿ, 2024-25ರಲ್ಲಿ 38,525 ಕೋಟಿ, 2025-26ರಲ್ಲಿ 40,000 ಕೋಟಿ. ಮಧ್ಯದ ವರ್ಷವನ್ನೇ ತೆಗೆದುಕೊಂಡರೆ ದಿನಕ್ಕೆ 105 ಕೋಟಿ. ಅದೇ 2024-25ರಲ್ಲಿ ಇಡೀ ಭಾರತದ ಮಾದಕ ವಸ್ತು ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಬಜೆಟ್ ಇಟ್ಟದ್ದು 314 ಕೋಟಿ. ನಮ್ಮ ಒಂದು ರಾಜ್ಯದ ಮೂರು ದಿನದ ಅಬಕಾರಿ ಗುರಿ, ದೇಶಕ್ಕೆಲ್ಲ ಒಂದು ವರ್ಷದ ವ್ಯಸನಮುಕ್ತಿ. ಕುಡಿತದಿಂದ ತೊಂದರೆಗೆ ಬಿದ್ದವರು ದೇಶದಲ್ಲಿ 5.7 ಕೋಟಿ, ಹಂಚಿದರೆ ತಲೆಗೆ 55 ರೂಪಾಯಿ, ಒಂದು ಕ್ವಾರ್ಟರಿಗೂ ಸಾಲದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಗೊತ್ತುಮಾಡಿದ ಮಿತಿ ಜಿಲ್ಲೆಗೆ ವರ್ಷಕ್ಕೆ 83.2 ಲಕ್ಷ. ಹಾವೇರಿಯ ಜನಸಂಖ್ಯೆಗೆ ಭಾಗಿಸಿ ನೋಡಿ: ತಲೆಗೆ 5 ರೂಪಾಯಿ 20 ಪೈಸೆ. ಖಿನ್ನತೆ, ಚಿತ್ತವಿಕಲತೆ, ಮೂರ್ಛೆ, ಕುಡಿತ ಎಲ್ಲ ಇದರೊಳಗೇ.

ಹಣ ಕಡಿಮೆ ಎಂಬ ದೂರು ಹಳೆಯದು. ನನ್ನ ತಕರಾರು ಬೇರೆ: ಇರುವ ಹಣ ಬರುವ ಅವಧಿಯ ಬಗ್ಗೆ. ಕೇಂದ್ರದ ನೆರವಿನ ವ್ಯಸನಮುಕ್ತಿ ಪುನರ್ವಸತಿ ಕೇಂದ್ರಗಳನ್ನು ನಡೆಸುವುದು ಬಹುತೇಕ ಸ್ವಯಂಸೇವಾ ಸಂಸ್ಥೆಗಳು. ಒಪ್ಪಿತ ವೆಚ್ಚದ ಶೇ 90 ಅನುದಾನ, ಶೇ 10 ಸಂಸ್ಥೆಯ ಕೈಯಿಂದ. ಆ ಶೇ 90 ಪ್ರತಿ ವರ್ಷ ಹೊಸದಾಗಿ ಬೇಡಿಕೊಳ್ಳಬೇಕಾದದ್ದು: ಅರ್ಜಿ, ತಪಾಸಣೆ, ರಾಜ್ಯದ ಶಿಫಾರಸು, ಲೆಕ್ಕಪರಿಶೋಧನೆ, ಆಮೇಲೆ ಕಂತು. ಮಾರ್ಚ್ 31ಕ್ಕೆ ಒಂದು ವರ್ಷ ಮುಗಿದು ಮುಂದಿನ ಕಂತು ಬರುವತನಕ ಸಂಬಳ, ದಿನಸಿ, ಬಾಡಿಗೆ ನಿಲ್ಲುವುದಿಲ್ಲ. ಹೀಗಿರುವಾಗ ಒಳ್ಳೆಯ ಆಪ್ತಸಮಾಲೋಚಕರು ಯಾಕೆ ಉಳಿಯಬೇಕು?

ಇಂಥ ಕೇಂದ್ರವಿರುವ ಊರಿನಲ್ಲೇ ನಗರಸಭೆಯ ಕಸದ ಗಾಡಿ ಚಾಲಕರ ಹೊರಗುತ್ತಿಗೆ ಮುಗಿಯಲಿ, ಹೊಸ ಟೆಂಡರ್ ಆಗುವವರೆಗೆ ಅವಧಿ ವಿಸ್ತರಿಸಿ ಠರಾವು ಆಗುತ್ತದೆ. ಆಗಲೇಬೇಕು, ಕಸ ಒಂದು ದಿನ ನಿಂತರೆ ಊರು ನಾರುತ್ತದೆ. ವ್ಯಸನಮುಕ್ತಿ ಸೇವೆ ನಿಂತರೆ ವಾಸನೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹದಿನೈದು ಹಾಸಿಗೆಯ ಒಂದು ಕೇಂದ್ರ ತೆಗೆದುಕೊಳ್ಳಿ. ಒಬ್ಬೊಬ್ಬರು ಒಂದೊಂದು ತಿಂಗಳು ಇದ್ದರೆ ವರ್ಷಕ್ಕೆ 180 ಜನ. ನಮ್ಮ 17 ಸಾವಿರ ಸರದಿಯಲ್ಲಿ ನಿಂತರೆ ಕೊನೆಯವನ ಪಾಳಿ ಬರಲು 94 ವರ್ಷ. ಹಾಸಿಗೆ ಬೇಡವೆಂದಲ್ಲ. ಬಹಳ ಕಾಲ ಕುಡಿದವನು ಒಮ್ಮೆಲೆ ಬಿಟ್ಟಾಗ ಮೊದಲ ಎರಡು ದಿನದಲ್ಲಿ ಸೆಳವು, ಎರಡರಿಂದ ನಾಲ್ಕನೇ ದಿನದಲ್ಲಿ ಮೈ ನಡುಗಿ ಭ್ರಮೆ ಹಿಡಿಯುವ ಸ್ಥಿತಿ ಬರಬಹುದು. ಅದಕ್ಕೆ ವೈದ್ಯರು, ಥಯಾಮಿನ್, ನಿದ್ದೆ ಬರಿಸುವ ಔಷಧ, ರಾತ್ರಿ ಎಚ್ಚರವಿರುವ ನರ್ಸ್ ಬೇಕೇ ಬೇಕು. ಆದರೆ ಆ ಗಂಡಾಂತರದ ವಾರ ಕಳೆದ ಮೇಲೆ ಉಳಿಯುವುದು ಊರಿನ ಕೆಲಸ, ಅದೂ ತಿಂಗಳುಗಟ್ಟಲೆ. ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಮಂದಿ ವರ್ಷದೊಳಗೆ ಮತ್ತೆ ಜಾರುತ್ತಾರೆ ಎಂದು ವೈದ್ಯ ಸಾಹಿತ್ಯ ಒಪ್ಪುತ್ತದೆ. ಸಕ್ಕರೆ ಕಾಯಿಲೆಯವನು ಒಂದು ದಿನ ಜಿಲೇಬಿ ತಿಂದ ಎಂದು ಯಾರೂ ಇನ್ಸುಲಿನ್ ನಿಲ್ಲಿಸುವುದಿಲ್ಲವಲ್ಲ.

ನಮ್ಮಲ್ಲಿ ಇದನ್ನು ಸರಿಯಾಗಿ ಗ್ರಹಿಸಿದ್ದು, ಸ್ವಲ್ಪ ಮಟ್ಟಿಗೆ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಕಲ್ಯಾಣ ಮಂಟಪದಲ್ಲಿ ಎಂಟು ದಿನ, ಊರವರದೇ ಸಮಿತಿ, ಊರವರದೇ ಅಕ್ಕಿ-ಬೇಳೆ. ಶಿಬಿರಕ್ಕೆ 60 ಜನ ಎಂದರೆ 17 ಸಾವಿರಕ್ಕೆ 283 ಶಿಬಿರ ಬೇಕು, ಅದು ದೊಡ್ಡ ಸಂಖ್ಯೆಯೇ. ಅವರ ಬಲ ಎಂಟು ದಿನದ್ದಲ್ಲ, ಆಮೇಲೆ ಬಿಟ್ಟವರನ್ನು ಒಂದೆಡೆ ಕೂಡಿಸುವ ನವಜೀವನ ಸಮಿತಿಯದು. ಸಮಿತಿ ಸೇರುವ ಊರಲ್ಲಿ ಫಲ ನಿಲ್ಲುತ್ತದೆ. ಸಮಿತಿ ಕಾಗದದಲ್ಲಷ್ಟೇ ಇದ್ದಲ್ಲಿ ‘ಎಂಟು ದಿನ ಛಲೋ ಇದ್ದ, ಒಂಬತ್ತನೇ ದಿನ ಮತ್ತ ಶುರು’ ಎಂಬ ಮಾತು.

ರೋಗಿ ಮತ್ತೆ ಮತ್ತೆ ಬರಬೇಕಾದ ಜಾಗ ಎಲ್ಲಿದೆ ಎಂಬುದೂ ಲೆಕ್ಕವೇ. ಈ ಭಾಗದವರಿಗೆ ದೊಡ್ಡ ಮಾನಸಿಕ ಆಸ್ಪತ್ರೆ ಎಂದರೆ ಧಾರವಾಡದ ಡಿಮ್ಹಾನ್ಸ್, 1845ರಿಂದ ಬಂದ ಸಂಸ್ಥೆ. ಹಾವೇರಿಯಿಂದ ಸುಮಾರು 95 ಕಿಲೋಮೀಟರು, ರಾಣೆಬೆನ್ನೂರಿನಿಂದ 125ರ ಹತ್ತಿರ. ಶಕ್ತಿ ಯೋಜನೆಯಲ್ಲಿ ಜೊತೆಗೆ ಬರುವ ಹೆಂಡತಿಗೆ ಬಸ್ ಪುಕ್ಕಟೆ, ರೋಗಿಗೆ ಟಿಕೆಟು. ಹೋಗಿ ಬರುವುದರಲ್ಲಿ ಒಂದು ದಿನದ ಕೂಲಿಯೂ ಹೋಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆತರುವ ಮನೋಚೈತನ್ಯ ಕಾರ್ಯಕ್ರಮದ ದಿನ ಮಂಗಳವಾರ. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಟೆಂಡರ್ ಸೋಮವಾರ ಮತ್ತು ಗುರುವಾರ. ಸುಗ್ಗಿಯ ತಿಂಗಳುಗಳಲ್ಲಿ ಚೀಲ ಹೊರುವ ಹಮಾಲರಿಗೆ ಮಂಗಳವಾರ ಬಿಡುವಿದೆಯೇ, ಸಂಜೆ ಆರರ ಮೇಲೆ ಯಾರಾದರೂ ಕೂತರೆ ಬರುತ್ತಾರೆಯೇ ಎಂದು ಪೇಟೆಯಲ್ಲಿ ಕೇಳಿದ ಮೇಲೆ ವೇಳಾಪಟ್ಟಿ ಬರೆಯಬೇಕು.

ಹೊರಗಿನ ಒಂದು ಅಂಕಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ 2013ರ ಏಪ್ರಿಲ್‌ನಿಂದ ಈ ಚಿಕಿತ್ಸೆಯ ಹೊಣೆ ಸ್ಥಳೀಯ ಕೌನ್ಸಿಲ್‌ಗಳದು; ಸಂಸ್ಥೆಗಳಿಗೆ ಹಲವು ವರ್ಷದ ಗುತ್ತಿಗೆ ಕೊಟ್ಟು ಬೇಕಾದಾಗ ವಿಸ್ತರಿಸುತ್ತಾರೆ. ಅಲ್ಲಿಯ ಸರ್ಕಾರಕ್ಕೆ ಕ್ಯಾರಲ್ ಬ್ಲ್ಯಾಕ್ 2021ರಲ್ಲಿ ಕೊಟ್ಟ ವರದಿಯ ಲೆಕ್ಕ: ಚಿಕಿತ್ಸೆಗೆ ಹಾಕಿದ ಒಂದು ಪೌಂಡ್ ನಾಲ್ಕು ಪೌಂಡ್ ಉಳಿಸುತ್ತದೆ, ಜೈಲು, ಪೊಲೀಸ್, ಆಸ್ಪತ್ರೆಯ ಖರ್ಚಿನಲ್ಲಿ. ಆ ವರದಿಯ ಬೆನ್ನಿಗೆ ಮೂರು ವರ್ಷಕ್ಕೆ 78 ಕೋಟಿ ಪೌಂಡ್ ಘೋಷಣೆಯಾಯಿತು. ಹಣದಷ್ಟೇ ಮುಖ್ಯವಾದದ್ದು ‘ಮೂರು ವರ್ಷಕ್ಕೆ’ ಎಂಬ ಮಾತು.

ನಮ್ಮ ಪ್ರಮಾಣದಲ್ಲಿ ಇಂಥ ಮೂರು ವರ್ಷದ ಗುತ್ತಿಗೆಗೆ ಎಷ್ಟಾದೀತು? 2011ರ ಲೆಕ್ಕದಲ್ಲಿ ರಾಣೆಬೆನ್ನೂರು 1.06 ಲಕ್ಷ, ಹಾವೇರಿ 67 ಸಾವಿರ, ಬ್ಯಾಡಗಿ 30 ಸಾವಿರ: ಮೂರೂ ಸೇರಿ 2.03 ಲಕ್ಷ ಜನ. ಜಿಲ್ಲೆಯ 17 ಸಾವಿರದಲ್ಲಿ ಈ ಊರುಗಳ ಪಾಲು ಸುಮಾರು 2,160. ಊರಿಗೊಬ್ಬ ಆಪ್ತಸಮಾಲೋಚಕ, ತಿಂಗಳಿಗೆ 25,000 ಸಂಬಳ ಎಂದಿಡಿ. ವರ್ಷಕ್ಕೆ 9 ಲಕ್ಷ, ಮೂರು ವರ್ಷಕ್ಕೆ 27 ಲಕ್ಷ. ದಿನಕ್ಕೆ ಎಂಟು ಮಂದಿಯ ಜೊತೆ ಕೂತು, ವರ್ಷಕ್ಕೆ 250 ದಿನ ಕೆಲಸ ಮಾಡಿದರೆ ಮೂವರಿಂದ 6,000 ಭೇಟಿ. ಒಬ್ಬ ರೋಗಿಗೆ ತಿಂಗಳಿಗೊಮ್ಮೆಯಂತೆ ಹನ್ನೆರಡು ಭೇಟಿ ಎಂದರೆ 500 ಜನ. ಏಮ್ಸ್ ವರದಿಯ 38ರಲ್ಲಿ ಒಬ್ಬರ ದರದಲ್ಲಿ ಈ ಊರುಗಳಿಗೆ ಸಿಗುವುದು 57. ತಲಾ ಖರ್ಚು ವರ್ಷಕ್ಕೆ 1,800 ರೂಪಾಯಿ, ಕ್ವಾರ್ಟರಿನ ಆ 29,200ರ ಹದಿನಾರರಲ್ಲಿ ಒಂದು ಪಾಲು. ಊರಿನ ಪ್ರತಿಯೊಬ್ಬನಿಂದ ಎತ್ತಿದರೆ ವರ್ಷಕ್ಕೆ ನಾಲ್ಕೂವರೆ ರೂಪಾಯಿಗೂ ಕಡಿಮೆ. ಔಷಧ ಮತ್ತು ವೈದ್ಯರು ಆರೋಗ್ಯ ಇಲಾಖೆಯವರೇ. 2022ರಲ್ಲಿ ಶುರುವಾದ ಹಾವೇರಿ ವೈದ್ಯಕೀಯ ಕಾಲೇಜು ಇರುವಾಗ ಧಾರವಾಡದ ದಾರಿ ಪ್ರತಿ ತಿಂಗಳೂ ಹಿಡಿಯಬೇಕಿಲ್ಲ.

ಎರಡು ನಗರಸಭೆ, ಒಂದು ಪುರಸಭೆ ಇದಕ್ಕೆ ಹಣ ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಸಭೆಯಲ್ಲಿ ಏಳುತ್ತದೆ. ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25 ಎಂದು ಮೀಸಲಿಡುವ ನಿಧಿ ಸ್ಥಳೀಯ ಸಂಸ್ಥೆಗಳಲ್ಲಿದೆ. ಆ ತಲೆಬರಹಗಳಲ್ಲಿ ಇದಕ್ಕೆ ಜಾಗ ಕೊಡುವಂತೆ ಪೌರಾಡಳಿತ ನಿರ್ದೇಶನಾಲಯದಿಂದ ಒಂದು ಸುತ್ತೋಲೆ ತರಿಸುವುದು ಶಾಸಕರಿಗೆ ದೊಡ್ಡ ಕೆಲಸವಲ್ಲ. ಗುತ್ತಿಗೆ ಪತ್ರದಲ್ಲಿ ಮಾತ್ರ ಎರಡು ಷರತ್ತು ತಪ್ಪಬಾರದು. ಒಂದು, 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಇಲ್ಲದ ಒಳರೋಗಿ ಕೇಂದ್ರದ ಜೊತೆ ಒಪ್ಪಂದವಿಲ್ಲ; ಕಟ್ಟಿಹಾಕಿ ಚಟ ಬಿಡಿಸುವವರಿಗೆ ಅಲ್ಲೇ ಬಾಗಿಲು ಬಂದ್. ಎರಡು, ವಿಸ್ತರಣೆ ಕೇಳಿದಾಗ ಎಷ್ಟು ಜನ ಸೇರಿದರು ಎಂಬ ಪಟ್ಟಿಯ ಬದಲು, ಆರನೇ ತಿಂಗಳಿಗೂ ಹನ್ನೆರಡನೇ ತಿಂಗಳಿಗೂ ಎಷ್ಟು ಜನ ಇನ್ನೂ ಬರುತ್ತಿದ್ದಾರೆ ಎಂಬ ಪಟ್ಟಿ ಮೇಜಿನ ಮೇಲಿರಬೇಕು. ಜಾರಿ ಮತ್ತೆ ಬಂದವನನ್ನು ಆ ಪಟ್ಟಿಯಲ್ಲಿ ಬಂದವನೆಂದೇ ಎಣಿಸಬೇಕು.