ಗಂಡನ ಲೆಕ್ಕ ಕೇಳದ ‘ಮಿಜ್’

ಇಂಗ್ಲೆಂಡಿನ ಹಳೆಯ ಜಮೀನ್ದಾರಿ ಬಂಗಲೆಗಳಲ್ಲಿ ಉಗ್ರಾಣದ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಆಳುಕಾಳುಗಳೆಲ್ಲ ‘ಮಿಸೆಸ್’ ಎಂದೇ ಕರೆಯಬೇಕಿತ್ತು. ಆಕೆಗೆ ಗಂಡ ಇರಲೇಬೇಕೆಂದಿರಲಿಲ್ಲ. ಎಷ್ಟೋ ಸಲ ಇರುತ್ತಲೂ ಇರಲಿಲ್ಲ. ‘ಡೌನ್‌ಟನ್ ಅಬಿ’ ಧಾರಾವಾಹಿ ನೋಡಿದವರು ಮಿಸೆಸ್ ಹ್ಯೂಸ್, ಮಿಸೆಸ್ ಪ್ಯಾಟ್‌ಮೋರ್ ಅವರ ಗಂಡಂದಿರು ಎಲ್ಲಿಗೆ ಹೋದರು ಎಂದು ತಲೆ ಕೆರೆದುಕೊಂಡಿದ್ದರೆ ಉತ್ತರ ಇದೇ: ಅಲ್ಲಿ ಮಿಸೆಸ್ ಎಂಬುದು ಅಧಿಕಾರದ ಗುರುತು, ತಾಳಿಯ ಗುರುತಲ್ಲ.

ಮಿಸೆಸ್, ಮಿಸ್, ಈಚಿನ ಮಿಜ್ ಮೂರೂ ‘ಮಿಸ್ಟ್ರೆಸ್’ ಎಂಬ ಒಂದೇ ತಾಯಿಯ ಮಕ್ಕಳು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಮಿಸ್ಟ್ರೆಸ್‌ಗೆ ಕೊಟ್ಟ ಅರ್ಥಗಳಲ್ಲಿ ಆಳುವವಳು ಇದ್ದಾಳೆ, ಕಸುಬಿನಲ್ಲಿ ಪಳಗಿದವಳು, ಪಾಠ ಹೇಳುವವಳು, ಪ್ರೇಯಸಿ, ಇಟ್ಟುಕೊಂಡವಳು ಎಲ್ಲರೂ ಇದ್ದಾರೆ. ಮದುವೆಯಾದವಳು ಮಾತ್ರ ಇಲ್ಲ. ಕೇಂಬ್ರಿಜ್‌ನ ಇತಿಹಾಸ ಸಂಶೋಧಕಿ ಏಮಿ ಎರಿಕ್ಸನ್ ಹದಿನೆಂಟನೇ ಶತಮಾನದ ದಾಖಲೆಗಳನ್ನು ಜಾಲಾಡಿ 2014ರಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ. ಎಸೆಕ್ಸ್ ಪ್ರಾಂತ್ಯದ ಬಾಕಿಂಗ್ ಎಂಬ ಊರಿನ 1793ರ ಮನೆಪಟ್ಟಿಯಲ್ಲಿ ಮಿಸೆಸ್ ಎಂದು ಬರೆಸಿಕೊಂಡವರಲ್ಲಿ ಹಲವರು ಸ್ವಂತ ವ್ಯಾಪಾರವನ್ನೋ ಬೇಸಾಯವನ್ನೋ ನಡೆಸುತ್ತಿದ್ದ ಹೆಂಗಸರು. ಅಂಗಡಿಯ ಯಜಮಾನಿ ಮಿಸೆಸ್. ಅವಳಲ್ಲಿ ಕೂಲಿಗಿದ್ದವಳು ಮದುವೆಯಾಗಿ ನಾಲ್ಕು ಮಕ್ಕಳ ತಾಯಿಯಾಗಿದ್ದರೂ ಬರೀ ಹೆಸರಿನವಳು.

ಹಾಗಿದ್ದರೆ ಮದುವೆ ಇದರೊಳಗೆ ನುಸುಳಿದ್ದು ಹೇಗೆ? ಅದಕ್ಕೆ ದಾರಿ ಮಾಡಿಕೊಟ್ಟಿದ್ದು ‘ಮಿಸ್’. ಮೊದಮೊದಲು ಮಿಸ್ ಎಂದರೆ ಮನೆಯ ಪುಟ್ಟ ಹುಡುಗಿ. ಹದಿನೇಳನೇ ಶತಮಾನದ ಲಂಡನ್ನಿನಲ್ಲಿ ಅದಕ್ಕೆ ಶ್ರೀಮಂತರು ಸಾಕಿಕೊಂಡ ಹೆಣ್ಣು ಎಂಬ ಅರ್ಥವೂ ಅಂಟಿಕೊಂಡಿತ್ತು. ಮರ್ಯಾದಸ್ಥ ಹೆಂಗಸರು ಆ ಪದದ ತಂಟೆಗೆ ಹೋಗುತ್ತಿರಲಿಲ್ಲ. ಹದಿನೆಂಟನೇ ಶತಮಾನದ ನಡುವಿಗೆ ಗಾಳಿ ಬದಲಾಯಿತು. ಮೇಲು ವರ್ಗದ ಮನೆಗಳ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಮಿಸ್ ಎನಿಸಿಕೊಳ್ಳತೊಡಗಿದರು. ಅಂಗಡಿಯವಳೂ ಮನೆವಾರ್ತೆಯವಳೂ ಮಿಸೆಸ್ ಆಗಿರುವಾಗ ತಾವು ಅವರಿಗಿಂತ ಬೇರೆ ಎಂದು ತೋರಿಸಿಕೊಳ್ಳುವ ಹಂಬಲವೇ ಇದಕ್ಕೆ ಕಾರಣವಿದ್ದೀತು ಎಂಬುದು ಎರಿಕ್ಸನ್ ಊಹೆ. ನನಗೂ ಅದು ಒಪ್ಪಿಗೆ. ಶುರುವಾದದ್ದು ಅಂತಸ್ತಿನ ಬಿಂಕದಿಂದ, ಮುಗಿದದ್ದು ಮದುವೆಯ ಬೇಲಿಯಲ್ಲಿ. ಮದುವೆಯಾಗದವಳಿಗೆ ಮಿಸ್ ಖಾಯಂ ಆದಮೇಲೆ ಮಿಸೆಸ್‌ಗೆ ಉಳಿದದ್ದು ಮದುವೆಯಾದವಳು ಮಾತ್ರ. 1800ರ ಹೊತ್ತಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಂಡತಿಯ ಹೆಸರನ್ನೇ ಅಳಿಸಿ ಮಿಸೆಸ್‌ನ ಮುಂದೆ ಗಂಡನ ಪೂರ್ತಿ ಹೆಸರು ಕೂರಿಸುವ ರೂಢಿ ಬಂತು. ಜೇನ್ ಆಸ್ಟೆನ್ 1811ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ‘ಮಿಸೆಸ್ ಜಾನ್ ಡ್ಯಾಶ್‌ವುಡ್’ ಎಂಬಾಕೆ ಬರುತ್ತಾಳೆ; ಜಾನ್ ಆಕೆಯ ಗಂಡ. ಅತ್ತ ಗಂಡಸಿನ ‘ಮಿಸ್ಟರ್’ ಮದುವೆಗೆ ಮೊದಲೂ ಆಮೇಲೂ ಮಿಸ್ಟರ್ ಆಗಿಯೇ ಉಳಿಯಿತು.

‘ಮಿಜ್’ ಸ್ತ್ರೀವಾದಿಗಳು ಹುಟ್ಟಿಸಿದ ಪದ ಎಂಬ ಮಾತು ಅರ್ಧ ಸತ್ಯ. 1901ರ ನವೆಂಬರ್ 10ರಂದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಭಾನುವಾರದ ಪತ್ರಿಕೆಯಲ್ಲಿ ಹೆಸರಿಲ್ಲದ ಲೇಖಕರೊಬ್ಬರು ಈ ಪದವನ್ನು ಮುಂದಿಟ್ಟರು. ಅವರ ಕಷ್ಟ ಬರೀ ಶಿಷ್ಟಾಚಾರದ್ದು: ಎದುರಿಗಿರುವವಳಿಗೆ ಮದುವೆಯಾಗಿದೆಯೋ ಇಲ್ಲವೋ ಗೊತ್ತಿಲ್ಲದಾಗ ತಪ್ಪಾಗಿ ಕರೆದು ಪೇಚಿಗೆ ಸಿಕ್ಕದಿರುವುದು ಹೇಗೆ? ಮಿಸ್, ಮಿಸೆಸ್ ಎರಡಕ್ಕೂ ಸಮಾನವಾದ ಅಕ್ಷರಗಳನ್ನಿಟ್ಟುಕೊಂಡು ‘ಮಿಜ್’ (Ms) ಎಂದುಬಿಡಿ ಎಂದರು ಅವರು. ಯಾರೂ ಕಿವಿಗೊಡಲಿಲ್ಲ. ಐವತ್ತರ ದಶಕದಲ್ಲಿ ಆಫೀಸು ಪತ್ರ ಬರೆಯುವ ಕೈಪಿಡಿಗಳು ಇದೇ ಸಲಹೆ ಕೊಟ್ಟವು. ಅಲ್ಲಿಯೂ ಕಾರಣ ಟೈಪಿಸ್ಟಿನ ಅನುಕೂಲವೇ ಹೊರತು ಹೆಣ್ಣಿನ ಹಕ್ಕಲ್ಲ.

ಆ ಪದಕ್ಕೆ ಹಟ ತುಂಬಿದವಳು ಶೀಲಾ ಮೈಕೆಲ್ಸ್, ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಕಾರ್ಯಕರ್ತೆ. 1961ರಲ್ಲಿ ನ್ಯೂಯಾರ್ಕಿನ ಬಾಡಿಗೆ ಮನೆಗೆ ಜೊತೆಗಾತಿಯ ಹೆಸರಿಗೆ ಬಂದ ಪತ್ರಿಕೆಯ ವಿಳಾಸದಲ್ಲಿ ‘ಮಿಜ್’ ಎಂದಿತ್ತು. ಅಚ್ಚಿನ ತಪ್ಪಿರಬೇಕು ಎಂದುಕೊಂಡಳು ಶೀಲಾ. ಆದರೆ ಅವಳು ಮದುವೆಯಾಗದ ತಂದೆತಾಯಿಗೆ ಹುಟ್ಟಿದವಳು. ತಂದೆಗಾಗಲಿ ಗಂಡನಿಗಾಗಲಿ ‘ಸೇರಿದವಳು’ ಎನ್ನದ ಬಿರುದೊಂದನ್ನು ಹುಡುಕುತ್ತಿದ್ದಳು. ಸಂಗಾತಿಗಳು ಇದಕ್ಕೆಲ್ಲ ಪುರುಸೊತ್ತಿಲ್ಲ ಎಂದರು. 1969ರ ಸುಮಾರಿಗೆ ನ್ಯೂಯಾರ್ಕಿನ ರೇಡಿಯೊ ಸಂದರ್ಶನವೊಂದರ ನಡುವೆ ಅವಳು ಈ ಪದದ ಮಾತೆತ್ತಿದಳು. ಅದು ಹೇಗೋ ಸ್ತ್ರೀವಾದಿ ಪತ್ರಕರ್ತೆ ಗ್ಲೋರಿಯಾ ಸ್ಟೈನಮ್ ಬಳಗದ ಕಿವಿಗೆ ಬಿತ್ತು. ಆಗ ಅವರು ಹೊಸ ಪತ್ರಿಕೆಗೆ ಹೆಸರು ಹುಡುಕುತ್ತಿದ್ದರು.

1972ರ ವಸಂತದ ಆ ‘ಮಿಜ್’ ಪತ್ರಿಕೆಯ ಮುಖಪುಟ ನಮ್ಮವರು ನೋಡಿದರೆ ಥಟ್ಟನೆ ಗುರುತು ಹಿಡಿದಾರು. ನೀಲಿ ಮೈಯ, ಎಂಟು ಕೈಗಳ ದೇವಿ. ಕೈಯಲ್ಲಿ ಖಡ್ಗ, ತ್ರಿಶೂಲಗಳ ಬದಲು ಬಾಣಲೆ, ಇಸ್ತ್ರಿಪೆಟ್ಟಿಗೆ, ಟೈಪ್‌ರೈಟರ್, ಟೆಲಿಫೋನು, ಕಾರಿನ ಸ್ಟಿಯರಿಂಗ್. ಹೊಟ್ಟೆಯಲ್ಲಿ ಮಗು, ಕಣ್ಣಲ್ಲಿ ನೀರು. ಸ್ಟೈನಮ್ ಐವತ್ತರ ದಶಕದ ಕೊನೆಯಲ್ಲಿ ಭಾರತದಲ್ಲಿ ಓಡಾಡಿದ್ದವರು. ಮಾರುಕಟ್ಟೆಗೆ ಹೋದ ಮೂರು ಲಕ್ಷ ಪ್ರತಿಗಳು ಎಂಟೇ ದಿನಗಳಲ್ಲಿ ಖಾಲಿಯಾದವು. ಅದೇ ವರ್ಷ ಅಮೆರಿಕ ಸರ್ಕಾರದ ಮುದ್ರಣ ಕಚೇರಿಯೂ ಪದವನ್ನು ಒಪ್ಪಿಕೊಂಡಿತು.

ಒಪ್ಪದೆ ಕೂತದ್ದು ‘ನ್ಯೂಯಾರ್ಕ್ ಟೈಮ್ಸ್’. ‘ಮಿಜ್’ ಪತ್ರಿಕೆಯ ಸಂಪಾದಕಿಯನ್ನೇ ಅದು ‘ಮಿಸ್ ಸ್ಟೈನಮ್’ ಎಂದು ಬರೆಯುತ್ತಿತ್ತು. 1984ರಲ್ಲಿ ಅದಕ್ಕೊಂದು ತೊಡಕು ಎದುರಾಯಿತು. ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಜೆರಾಲ್ಡಿನ್ ಫೆರಾರೊ ಅವರ ಗಂಡನ ಮನೆತನದ ಹೆಸರು ಜಕಾರೊ. ಫೆರಾರೊ ತವರಿನ ಹೆಸರು. ‘ಮಿಸ್’ ಎನ್ನೋಣವೆಂದರೆ ಮದುವೆಯಾಗಿದೆ, ‘ಮಿಸೆಸ್ ಫೆರಾರೊ’ ಎನ್ನೋಣವೆಂದರೆ ಆಕೆ ಯಾವ ಶ್ರೀಮಾನ್ ಫೆರಾರೊನ ಹೆಂಡತಿಯೂ ಅಲ್ಲ. ಪತ್ರಿಕೆ ಎರಡನೆಯದನ್ನೇ ಬರೆಯಿತು. ಅದರ ಭಾಷಾ ಅಂಕಣಕಾರ, ಸಂಪ್ರದಾಯವಾದಿಯೇ ಆಗಿದ್ದ ವಿಲಿಯಂ ಸಫೈರ್, ವಾಸ್ತವಕ್ಕೆ ಹೊಂದುವ ಪದ ‘ಮಿಜ್’ ಒಂದೇ ಎಂದು ಅದೇ ಪತ್ರಿಕೆಯಲ್ಲಿ ವಾದಿಸಿದರು. ಪೌಲಾ ಕ್ಯಾಸೆಲ್ ಎಂಬ ಹೋರಾಟಗಾರ್ತಿ ಕಂಪನಿಯ ಒಂದಿಷ್ಟು ಷೇರು ಕೊಂಡು ಷೇರುದಾರರ ಸಭೆಯಲ್ಲೇ ಎದ್ದುನಿಂತು ಪ್ರಶ್ನಿಸಿದರು. 1986ರ ಜೂನ್ 20ರಿಂದ ಪತ್ರಿಕೆ ಪಟ್ಟು ಸಡಿಲಿಸಿತು. ವರ್ಷಗಟ್ಟಲೆ ನ್ಯಾಯದ ವಾದಕ್ಕೆ ಜಗ್ಗದವರು ವ್ಯಾಕರಣದ ಇಕ್ಕಟ್ಟಿಗೆ ಜಗ್ಗಿದರು ಎಂದೇ ನನ್ನ ತೀರ್ಮಾನ.

ಹಳೆಯ ಎರಡು ಪದಗಳೇನೂ ಸತ್ತಿಲ್ಲ. ಬ್ರಿಟನ್ನಿನಲ್ಲಿ ಶಸ್ತ್ರವೈದ್ಯೆಯಾದವರು ‘ಡಾಕ್ಟರ್’ ಬಿಟ್ಟು ಮತ್ತೆ ‘ಮಿಸ್’ ಆಗುವುದುಂಟು. ಅಲ್ಲಿ ಅದು ‘ಡಾಕ್ಟರ್’ಗಿಂತ ಮೇಲು. ನಮ್ಮ ಶಾಲೆಗಳಲ್ಲಿ ಮೊಮ್ಮಕ್ಕಳಿರುವ ಟೀಚರೂ ಮಕ್ಕಳ ಬಾಯಲ್ಲಿ ‘ಮಿಸ್’. ಶ್ರೀಮತಿಯೋ ಕುಮಾರಿಯೋ ಎಂದು ಕೇಳುವ ನಮ್ಮ ಅರ್ಜಿ ನಮೂನೆಗಳಿಗೆ ಮಾತ್ರ ಫೆರಾರೊ ತರಹದ ತೊಡಕು ಇನ್ನೂ ಎದುರಾದಂತಿಲ್ಲ.

ಪರಿಚಯವಿಲ್ಲದ ಮಹಿಳೆಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಾದರೆ ‘ಮಿಜ್’ ಹಾಕಿ. ಉತ್ತರದಲ್ಲಿ ಆಕೆ ಮಿಸೆಸ್ ಎಂದು ರುಜು ಮಾಡಿದ್ದರೆ ಮುಂದಿನ ಪತ್ರಕ್ಕೆ ಅದನ್ನೇ ಬಳಸಿ. ಆಕೆ ಡಾಕ್ಟರೋ ಪ್ರೊಫೆಸರೋ ಆಗಿದ್ದರೆ ಈ ಮೂರೂ ಬೇಡ.